ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂಬುದು ನಮ್ಮ ಹಿರಿಯರ ಮಾತು. ಆದರೆ ಅವರ ಕಾಲದ ಸುಂಕದವನಿಗೆ ಕನಿಷ್ಠ ಒಂದು ಮುಖವಿತ್ತು, ಎರಡು ಕಿವಿಗಳಿದ್ದವು. ಇಂದಿನ ಸುಂಕದವನಿಗೆ ಅವೂ ಇಲ್ಲ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಯಂತ್ರವೊಂದು ಓದುತ್ತದೆ, ಖಾತೆಯಿಂದ ಹಣ ಕಡಿತವಾಗುತ್ತದೆ, ಅಡ್ಡಗಂಬ ಮೇಲೇಳುತ್ತದೆ. ಖಾತೆಯಲ್ಲಿ ಹಣವಿಲ್ಲದ ಬಡ ಚಾಲಕನ ಪಾಡು ಬೇರೆ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗ ಅದಿಲ್ಲದವರಿಗೆ ಇಮ್ಮಡಿ ಶುಲ್ಕ ವಿಧಿಸಲಾಯಿತು. 2025ರ ನವೆಂಬರ್‌ನಲ್ಲಿ ಯುಪಿಐ ಮೂಲಕ ಪಾವತಿಸುವವರಿಗೆ ಮಾತ್ರ ಅದನ್ನು ಒಂದೂಕಾಲು ಪಟ್ಟಿಗೆ ಇಳಿಸಿ, ಅದನ್ನೇ ದೊಡ್ಡ ಔದಾರ್ಯವೆಂಬಂತೆ ಬಿಂಬಿಸಲಾಯಿತು.

ರಸ್ತೆ ಬೇಡವೆಂದು ಯಾರೂ ಹೇಳುವುದಿಲ್ಲ. ರಸ್ತೆಗೆ ಹಣ ಬೇಕೆಂಬುದೂ ಸತ್ಯ. ಪ್ರಶ್ನೆ ಇರುವುದು, ಒಂದೇ ರಸ್ತೆಗೆ ಒಬ್ಬನೇ ಪ್ರಜೆ ಎಷ್ಟು ಬಾರಿ ಹಣ ತೆರಬೇಕು ಎಂಬುದರಲ್ಲಿ. ವಾಹನ ಕೊಳ್ಳುವಾಗ ಅವನು ಜೀವಿತಾವಧಿ ತೆರಿಗೆ ಕಟ್ಟುತ್ತಾನೆ. ಪ್ರತಿ ಲೀಟರ್ ಪೆಟ್ರೋಲ್ ಮತ್ತು ಡೀಸೆಲ್‌ನಲ್ಲಿ ರಸ್ತೆಯ ಹೆಸರಿನಲ್ಲೇ ಸೆಸ್ ತೆರುತ್ತಾನೆ. ಇವೆರಡರ ಬಳಿಕವೂ ಟೋಲ್ ಗೇಟ್ ಅವನನ್ನು ತಡೆದು ನಿಲ್ಲಿಸುತ್ತದೆ. ಪ್ರತಿ ವರ್ಷ ಎಪ್ರಿಲ್ ಒಂದರಂದು ಶುಲ್ಕ ಏರುವಂತೆ ನಿಯಮವೇ ಇದೆ. ರಸ್ತೆ ಹದಗೆಟ್ಟರೆ ಅದೇ ವೇಗದಲ್ಲಿ ಶುಲ್ಕ ಇಳಿಯುವುದನ್ನು ನಮ್ಮ ಕರಾವಳಿಯ ಜನ ಕಂಡಿದ್ದಾರೆಯೇ? ಮಳೆಗಾಲದ ಹೊಂಡಗಳಲ್ಲಿ ಬೆನ್ನು ಮುರಿದುಕೊಂಡವನಿಗೆ ಯಾವ ಯಂತ್ರವೂ ಹಣ ಹಿಂದಿರುಗಿಸುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಾವಳಿಯು ಒಂದೇ ಹೆದ್ದಾರಿ ಭಾಗದಲ್ಲಿ, ಒಂದೇ ದಿಕ್ಕಿನಲ್ಲಿ 60 ಕಿಲೋಮೀಟರ್ ಅಂತರದೊಳಗೆ ಇನ್ನೊಂದು ಸುಂಕದ ಕಟ್ಟೆ ಇರಬಾರದೆನ್ನುತ್ತದೆ. ಆದರೆ ಕಾರಣವನ್ನು ಬರೆದಿಟ್ಟು ಈ ಮಿತಿಯನ್ನು ಸಡಿಲಿಸುವ ಅವಕಾಶವೂ ಅದರೊಳಗೇ ಇದೆ. ಬಾಗಿಲು ಮುಚ್ಚಿ ಕಿಟಕಿ ತೆರೆದಿಡುವುದೆಂದರೆ ಇದೇ. 2022ರ ಮಾರ್ಚ್ 22ರಂದು ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರು, 60 ಕಿಲೋಮೀಟರ್ ಒಳಗಿನ ಹೆಚ್ಚುವರಿ ಟೋಲ್ ಗೇಟ್‌ಗಳನ್ನು ಮೂರು ತಿಂಗಳೊಳಗೆ ಮುಚ್ಚುವುದಾಗಿ ಲೋಕಸಭೆಯಲ್ಲಿ ಘೋಷಿಸಿದರು. ಮೂರು ತಿಂಗಳು ಕಳೆಯಿತು, ಆರು ತಿಂಗಳೂ ಕಳೆಯಿತು. ಹೆಜಮಾಡಿಯಿಂದ ಕೂಗಳತೆಯಲ್ಲಿದ್ದ ಸುರತ್ಕಲ್ ಟೋಲ್ ಗೇಟ್ ಮಾತ್ರ ಕದಲಲಿಲ್ಲ. ತಾತ್ಕಾಲಿಕವೆಂದು ಹೇಳಿ 2015ರಲ್ಲಿ ಆರಂಭಿಸಿದ್ದ ಕಟ್ಟೆ ಅದು. ನಮ್ಮಲ್ಲಿ ತಾತ್ಕಾಲಿಕವೆಂಬ ಪದಕ್ಕೆ ಏಳು ವರ್ಷಗಳ ಆಯುಸ್ಸಿದೆ!

ಕೊನೆಗೂ ಅದನ್ನು ಕದಲಿಸಿದವರು ಯಾರು? ಸಂಸದರೂ ಅಲ್ಲ, ಸಚಿವರೂ ಅಲ್ಲ. 2022ರ ಅಕ್ಟೋಬರ್ 18ರಂದು ಸಾವಿರಾರು ಜನರು ಟೋಲ್ ಗೇಟ್‌ಗೆ ಮುತ್ತಿಗೆ ಹಾಕಿದರು. ಬಂಧನಗಳಾದವು, ಮೊಕದ್ದಮೆಗಳು ದಾಖಲಾದವು. ಅಕ್ಟೋಬರ್ 28ರಿಂದ ಹಗಲಿರುಳು ಧರಣಿ ನಡೆಯಿತು. ಡಿಸೆಂಬರ್ 1ರಿಂದ ಅಲ್ಲಿ ಶುಲ್ಕ ವಸೂಲಿ ನಿಂತಿತು. ಆ ಶುಲ್ಕವನ್ನು ಹೆಜಮಾಡಿಯಲ್ಲಿ ಸೇರಿಸಿ ವಸೂಲು ಮಾಡುವ ಪ್ರಸ್ತಾಪ ಬಂದಾಗ ಉಡುಪಿ ಜಿಲ್ಲೆಯ ಜನರೂ ಎದ್ದು ನಿಂತರು.

ಈ ದಿನಾಂಕಗಳ ಹಿಂದಿರುವ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅದೇ ವರ್ಷದ ಜುಲೈ ತಿಂಗಳಲ್ಲಿ ದಕ್ಷಿಣ ಕನ್ನಡದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮೂವರು ಯುವಕರು ಕೊಲೆಯಾದರು. ಅವುಗಳಲ್ಲಿ ಒಂದು ಕೊಲೆ ನಡೆದುದು ಸುರತ್ಕಲ್ ಪೇಟೆಯಲ್ಲೇ. ಹೆಣದ ಧರ್ಮ ಕೇಳಿ ಕಣ್ಣೀರಿನ ಪ್ರಮಾಣ ನಿರ್ಧರಿಸುವ ದಿನಗಳವು. ಮೂರೇ ತಿಂಗಳ ಬಳಿಕ ಅದೇ ಸುರತ್ಕಲ್‌ನಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಒಂದೇ ರಸ್ತೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತರು. ಟೋಲ್ ಗೇಟ್ ಯಾರ ಧರ್ಮವನ್ನೂ ಕೇಳದೆ ಎಲ್ಲರನ್ನೂ ದೋಚುತ್ತಿದೆ ಎಂಬ ಅರಿವು ಅವರನ್ನು ಒಗ್ಗೂಡಿಸಿತು. ಕೋಮುವಾದಿಗಳು ಅತಿಯಾಗಿ ಅಂಜುವುದು ಇಂತಹ ಅರಿವಿಗೆ. ಜನರು ತಮ್ಮ ಜೇಬನ್ನು ನೋಡಿಕೊಳ್ಳಲು ಆರಂಭಿಸಿದರೆ ನೆರೆಯವನ ಟೊಪ್ಪಿಯನ್ನೂ ತಿಲಕವನ್ನೂ ನೋಡಲು ಅವರಿಗೆ ಬಿಡುವಿರುವುದಿಲ್ಲ.

ಹೆದ್ದಾರಿಯ ಬೆಲೆಯನ್ನು ನಿಜವಾಗಿ ತೆರುತ್ತಿರುವವರು ಯಾರೆಂಬುದನ್ನೂ ನೋಡಬೇಕು. ಶುಲ್ಕದಿಂದ ವಿನಾಯಿತಿ ಪಡೆದವರ ಪಟ್ಟಿಯಲ್ಲಿ ಸಚಿವರೂ ಸಂಸದರೂ ಶಾಸಕರೂ ಇದ್ದಾರೆ. ಕಾನೂನು ಮಾಡುವವರಿಗೇ ಅದರ ಬಿಸಿ ತಟ್ಟದಂತೆ ನೋಡಿಕೊಳ್ಳಲಾಗಿದೆ. 2025ರ ಆಗಸ್ಟ್ 15ರಿಂದ 3,000 ರೂಪಾಯಿಗೆ 200 ಸಂಚಾರಗಳ ವಾರ್ಷಿಕ ಪಾಸ್ ಬಂದಿತು. ಆದರೆ ಅದು ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಟ್ಯಾಕ್ಸಿ ಓಡಿಸಿ ಮಕ್ಕಳ ಶಾಲಾ ಶುಲ್ಕ ಕಟ್ಟುವವನಿಗೆ, ಬಂದರಿನಿಂದ ಮೀನು ಹೊತ್ತೊಯ್ಯುವ ಟೆಂಪೋದವನಿಗೆ ಅದು ಸಲ್ಲದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಂತೂ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ ರಿಕ್ಷಾ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವೇ ಇಲ್ಲದಾಯಿತು. ಅಲ್ಲಿ ಟೋಲ್ ಆರಂಭವಾದೊಡನೆ ಸರಕಾರಿ ಬಸ್ಸಿನ ಟಿಕೆಟಿಗೂ ಅದರ ಹೊರೆಯನ್ನು ಸೇರಿಸಲಾಯಿತು. ಕಾರಿಲ್ಲದವನೂ ಟೋಲ್ ಕಟ್ಟುತ್ತಾನೆ. ಬಸ್ ಟಿಕೆಟಿನಲ್ಲಿ ಕಟ್ಟುತ್ತಾನೆ, ಅಕ್ಕಿಯ ದರದಲ್ಲಿ ಕಟ್ಟುತ್ತಾನೆ, ತರಕಾರಿಯ ಚೀಲದಲ್ಲಿ ಕಟ್ಟುತ್ತಾನೆ. ಅವನ ಕೈಗೆ ರಶೀದಿ ಸಿಗುವುದಿಲ್ಲ, ಅಷ್ಟೇ.

ಉತ್ತರ ಕನ್ನಡದವರ ಸ್ಥಿತಿಯನ್ನು ನೋಡಿ. ಉನ್ನತ ಸೌಲಭ್ಯದ ಆಸ್ಪತ್ರೆ ಬೇಕೆಂದು ಅಲ್ಲಿನ ಜನರು ವರ್ಷಗಳಿಂದ ಕೂಗಿಡುತ್ತಿದ್ದಾರೆ. ಹೃದಯಾಘಾತವಾದರೆ ಮಣಿಪಾಲಕ್ಕೋ ಮಂಗಳೂರಿಗೋ ಹೆದ್ದಾರಿಯಲ್ಲಿ ಧಾವಿಸಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟ್‌ನಲ್ಲಿ, ಮಳೆಯಿಂದ ಒದ್ದೆಯಾಗಿದ್ದ ರಸ್ತೆಯಲ್ಲಿ ಜಾರಿ ಅಪ್ಪಳಿಸಿ ನಾಲ್ವರು ಪ್ರಾಣ ಕಳೆದುಕೊಂಡರು. ಊರಿಗೊಂದು ಆಸ್ಪತ್ರೆ ಕೊಡಲಾಗದ ವ್ಯವಸ್ಥೆ, ಆಸ್ಪತ್ರೆಗೆ ಹೋಗುವ ದಾರಿಗೆ ಸುಂಕದ ಕಟ್ಟೆ ಕಟ್ಟಲು ಮಾತ್ರ ಎಂದೂ ಹಿಂಜರಿಯಲಿಲ್ಲ.

ನ್ಯಾಯಾಲಯಗಳಿಗೂ ಇದು ಸಹ್ಯವೆನಿಸಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ-ನೊಯ್ಡಾ ನಡುವಿನ ಡಿಎನ್‌ಡಿ ಮೇಲ್ಸೇತುವೆಯಲ್ಲಿ ಟೋಲ್ ಸಲ್ಲದೆಂಬ ಅಲಹಾಬಾದ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟು, ತೃಶ್ಶೂರಿನ ಪಾಲಿಯೇಕ್ಕರದಲ್ಲಿ ರಸ್ತೆಯ ದುಃಸ್ಥಿತಿಯ ಕಾರಣಕ್ಕೆ ವಸೂಲಿಯನ್ನು ತಡೆಹಿಡಿದಾಗ, ಹೆದ್ದಾರಿ ಪ್ರಾಧಿಕಾರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅಕ್ಟೋಬರ್‌ನಲ್ಲಿ ವಸೂಲಿ ಮರಳಿ ಆರಂಭವಾಯಿತೆಂಬುದು ನಿಜ. ಆದರೆ ಸಂಚಾರಕ್ಕೆ ಯೋಗ್ಯವಲ್ಲದ ರಸ್ತೆಗೆ ಶುಲ್ಕ ಕೇಳುವುದು ನ್ಯಾಯವಲ್ಲವೆಂಬ ತತ್ವ ಸ್ಥಾಪಿತವಾಯಿತು. ಅದನ್ನು ನಮ್ಮ ಜಿಲ್ಲೆಗಳಲ್ಲಿ ಕೈಗೆತ್ತಿಕೊಳ್ಳುವವರು ಬೇಕು.

ಇಸ್ಲಾಮ್ ತೆರಿಗೆಯನ್ನೇ ವಿರೋಧಿಸುವುದಿಲ್ಲ. ಹಝ್ರತ್ ಉಮರ್(ರ)ರ ಕಾಲದಲ್ಲೂ ವ್ಯಾಪಾರಸ್ಥರಿಂದ ಸುಂಕ ಪಡೆಯಲಾಗುತ್ತಿತ್ತು. ಆದರೆ ಅನ್ಯಾಯದ ಸುಂಕವನ್ನು ಪ್ರವಾದಿವರ್ಯರು(ಸ) ಕಠಿಣವಾಗಿ ಖಂಡಿಸಿದ್ದಾರೆ. ಮದ್‌ಯನಿನ ಜನತೆಗೆ ಪ್ರವಾದಿ ಶುಐಬ್(ಅ) ನೀಡಿದ ಎಚ್ಚರಿಕೆಯನ್ನು ಪವಿತ್ರ ಕುರ್‌ಆನ್ ವಿವರಿಸುತ್ತದೆ. ಅಳತೆ-ತೂಕದಲ್ಲಿ ವಂಚಿಸಬಾರದೆಂದ ಬೆನ್ನಿಗೇ ದಾರಿದಾರಿಗಳಲ್ಲಿ ಕುಳಿತು ಜನರನ್ನು ಬೆದರಿಸಬಾರದೆಂದೂ ಅವರು ಹೇಳಿದರು. ದಾರಿಗಳಲ್ಲಿ ಕುಳಿತು ಬಲವಂತದ ಸುಂಕ ಕೀಳುವುದೂ ಇದರಲ್ಲಿ ಸೇರಿದೆಯೆಂದು ಕೆಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ದೂರದ ಇರಾಕಿನ ದಾರಿಯಲ್ಲಿ ಒಂದು ಹೇಸರಗತ್ತೆ ಎಡವಿದರೂ, ರಸ್ತೆಯನ್ನು ಏಕೆ ಸಮತಟ್ಟುಗೊಳಿಸಲಿಲ್ಲವೆಂದು ಅಲ್ಲಾಹನು ತನ್ನನ್ನು ಪ್ರಶ್ನಿಸಿಯಾನೆಂದು ಉಮರ್(ರ) ಭಯಪಟ್ಟರೆಂಬುದು ಪ್ರಸಿದ್ಧ. ನಮ್ಮ ಆಡಳಿತಗಾರರಿಗೆ ಮನುಷ್ಯರು ಎಡವಿ ಸತ್ತರೂ ಭಯವಿಲ್ಲ.

ಆದರೆ ಪ್ರಶ್ನೆಯ ಬೆರಳು ನಮ್ಮತ್ತಲೂ ತಿರುಗಬೇಡವೇ? ದಾರಿಯಿಂದ ತೊಡಕನ್ನು ನಿವಾರಿಸುವುದು ಈಮಾನಿನ ಶಾಖೆಯೆಂದು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಹಾಗಿದ್ದೂ ಶುಕ್ರವಾರ ಮಸೀದಿಯ ಮುಂದೆ ಅಡ್ಡಾದಿಡ್ಡಿ ವಾಹನ ನಿಲ್ಲಿಸಿ ಆಂಬುಲೆನ್ಸಿಗೂ ದಾರಿ ಇಲ್ಲದಂತೆ ಮಾಡುವವರು ನಮ್ಮಲ್ಲಿದ್ದಾರೆ. ಮದುವೆಯ ದಿಬ್ಬಣದ ಕಾರುಗಳಿಂದ ಹೆದ್ದಾರಿಯನ್ನೇ ಅಂಗಳವಾಗಿಸಿಕೊಳ್ಳುವ ಯುವಕರಿದ್ದಾರೆ. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ನಮ್ಮ ಜಮಾಅತ್‌ಗಳ ಮಾಸಿಕ ಸಭೆಗಳಲ್ಲಿ ರಸ್ತೆ, ನೀರು, ಆಸ್ಪತ್ರೆ, ಬೆಲೆಯೇರಿಕೆಗಳು ಚರ್ಚೆಗೆ ಬರುವುದೇ ಅಪರೂಪ. ಪ್ರವಾದಿನಿಂದೆಯಾದಾಗ, ಹಿಜಾಬಿನ ಮೇಲೆ ದಾಳಿಯಾದಾಗ ಬೀದಿಗಿಳಿಯುವ ನಾವು, ನೆರೆಯವನ ಹೊಟ್ಟೆಗೆ ಹೊಡೆತ ಬಿದ್ದಾಗ ಮನೆಯೊಳಗೆ ಉಳಿಯುವುದೇಕೆ? ನಮ್ಮ ಸಮಸ್ಯೆಗೆ ನಾಡು ದನಿಗೂಡಿಸಬೇಕೆಂದು ಬಯಸುವವರು ನಾಡಿನ ಸಮಸ್ಯೆಯನ್ನು ತಮ್ಮದೆಂದು ಮೊದಲು ಒಪ್ಪಿಕೊಳ್ಳಬೇಕು.

ಸುರತ್ಕಲ್‌ನ ಕಟ್ಟೆ ನಿಂತಿತೆಂದು ಸಂಭ್ರಮಿಸಿ ಮಲಗುವುದು ಸಲ್ಲದು. ಪ್ರತಿ ಮೊಹಲ್ಲಾದ ವಿದ್ಯಾವಂತರು ಶುಲ್ಕದ ನಿಯಮಾವಳಿಯನ್ನು ಓದಲಿ, ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿ ವಸೂಲಾದ ಮೊತ್ತದ ಲೆಕ್ಕ ಕೇಳಲಿ, ರಸ್ತೆಯ ಹೊಂಡಗಳನ್ನು ದಾಖಲಿಸಲಿ, ನೆರೆಯ ದೇವಸ್ಥಾನದ, ಚರ್ಚಿನ ಹಿರಿಯರನ್ನು ಜೊತೆಗೂಡಿಸಿಕೊಂಡು ಜಿಲ್ಲಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತಲಿ. ಸುಂಕದವನ ಮುಂದೆ ಒಬ್ಬನೇ ನಿಂತು ಸುಖದುಃಖ ಹೇಳಿಕೊಂಡರೆ ಅವನು ಕೇಳಲಾರ. ಊರೇ ಒಂದಾಗಿ ನಿಂತಾಗ ಅವನು ಕೇಳಿದ್ದಾನೆ. 2022ರ ಡಿಸೆಂಬರ್ ಒಂದರ ಬೆಳಗ್ಗೆ ಸುರತ್ಕಲ್‌ನಲ್ಲಿ ತೆರೆದುಕೊಂಡ ರಸ್ತೆಯೇ ಅದಕ್ಕೆ ಸಾಕ್ಷಿ.