ಕಷ್ಟಜೀವಿ ಎಂದರೆ ಸಾಲದು

ಸಾಗರ ಸೀಮೆಯ ಹಳ್ಳಿಯೊಂದರಲ್ಲಿ ತೊಂಬತ್ತು ದಾಟಿದ ರೈತರೊಬ್ಬರು ತೀರಿಕೊಂಡರು. ತಿಥಿಯ ಊಟಕ್ಕೆ ಕೂಡಿದ ಜನರೆಲ್ಲ ಒಂದೇ ಮಾತು ಆಡಿದರು: "ಅಜ್ಜ ಕಷ್ಟಜೀವಿ, ಸಂಸಾರವನ್ನು ದಡ ಸೇರಿಸಿದರು." ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಮನುಷ್ಯನಿಗೆ ಅನ್ಯಾಯವಾಗುತ್ತದೆ. ಅವರನ್ನು ಕಷ್ಟಜೀವಿಯೆಂದು ಮೊದಲು ಹೊಗಳಿದವರು ಭೂಮಾಲೀಕರೇ. ಹೊಗಳುವುದಕ್ಕೆ ಕಾಸು ಖರ್ಚಾಗುವುದಿಲ್ಲವಷ್ಟೆ.

ಮಲೆನಾಡಿನ ಗೇಣಿದಾರನ ದುಡಿಮೆ ಎಂಥದೆಂದು ಪೇಟೆಯವರಾದ ನಾವು ತುಸು ತಿಳಿಯಬೇಕು. ಮಳೆ ಹಿಡಿಯಿತೆಂದರೆ ಕಂಬಳಿ ಕೊಪ್ಪೆ ಹೊದ್ದು ಮೊಣಕಾಲುದ್ದ ಕೆಸರಿನಲ್ಲಿ ಉಳುಮೆ. ಹೆಂಗಸರು ಬಗ್ಗಿದ ಬೆನ್ನು ಎತ್ತದೆ ಸಸಿ ನೆಡಬೇಕು. ಬೇಸಿಗೆಯಲ್ಲಿ ಗುಡ್ಡದಿಂದ ಸೊಪ್ಪು, ದರಗು ಹೊತ್ತು ತಂದು ಕೊಟ್ಟಿಗೆಗೆ ಹಾಕಬೇಕು. ಇದರ ಮೇಲೆ ಧಣಿಗಳ ಮನೆಯ ಬಿಟ್ಟಿ ಚಾಕರಿ. ಭೂಮಿ ಹುಣ್ಣಿಮೆಯ ದಿನ ಬಸಿರಾದ ಗದ್ದೆಗೆ ಅಡುಗೆ ಮಾಡಿ ಬಡಿಸುತ್ತಿದ್ದವರು ಈ ಮನೆಯವರು; ಕೊಯ್ಲು ಮುಗಿದಾಗ ಕಣಕ್ಕೆ ಬಂದು ಅಳೆಯುತ್ತಿದ್ದವರು ಬೇರೆಯವರು.

ಅಳತೆಯ ಮರ್ಮವನ್ನು ಅಂಗಡಿ ಇಟ್ಟವರಿಗೆ ನಾನು ಹೇಳಬೇಕಾಗಿಲ್ಲ. ಕೊಳಗ ಅರ್ಧ ಸೇರು ದೊಡ್ಡದಿದ್ದರೆ ನೂರು ಕೊಳಗಕ್ಕೆ ಐವತ್ತು ಸೇರು ಬತ್ತ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಅದೂ ಪ್ರತಿ ವರ್ಷ. ಗಂಟೆ ಹೊಡೆದ ಮೇಲೂ ಹತ್ತು ನಿಮಿಷ ಯಂತ್ರ ಓಡಿಸಿದರೆ ಲಾಭ ಯಾರ ಪಾಲಿಗೆಂದು ಬಲ್ಲ ಮಿಲ್ಲಿನ ಗೆಳೆಯರಿಗೆ ಇದು ಬಿಡಿಸಲಾಗದ ಒಗಟಲ್ಲ. 1951ರ ಏಪ್ರಿಲ್‌ನಲ್ಲಿ ಆರಂಭವಾದ ಕಾಗೋಡು ಸತ್ಯಾಗ್ರಹದ ಬೇರು ಈ ಕೊಳಗದಲ್ಲಿತ್ತು. ರೈತರನ್ನು ಸಂಘಟಿಸಿದ ಗಣಪತಿಯಪ್ಪನವರು, ಬೆನ್ನಿಗೆ ನಿಂತ ಶಾಂತವೇರಿ ಗೋಪಾಲಗೌಡರು, ಜೂನ್‌ನಲ್ಲಿ ಬಂದು ಸೆರೆಯಾದ ಲೋಹಿಯಾ, ಇವರ ಹೆಸರು ಉಳಿದಿದೆ. ನಿಷೇಧ ಮೀರಿ ಗದ್ದೆಗಿಳಿದು ಸೆರೆಮನೆ ಸೇರಿದ ಗೇಣಿದಾರರ ಹೆಸರನ್ನು ಎಷ್ಟು ಮಂದಿ ಹೇಳಬಲ್ಲರು?

ಅಜ್ಜ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಅವರು ಸೆರೆಗೆ ಹೋಗಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. "ಅಪ್ಪಯ್ಯ ಹೋದ. ಎತ್ತು ನೋಡುವವರು ಬೇಕಲ್ಲ, ನಾನು ಉಳಿದೆ" ಎನ್ನುತ್ತಿದ್ದರು. ಚಳವಳಿಯ ಚರಿತ್ರೆ ಬರೆಯುವವರು ಈ ಎತ್ತು ನೋಡಿದವರನ್ನು ಬಿಟ್ಟೇ ಬರೆದಿದ್ದಾರೆ. ಮನೆಯಲ್ಲಿ ಒಲೆ ಉರಿಯದಿದ್ದರೆ ಯಾವ ಸತ್ಯಾಗ್ರಹವೂ ನಾಲ್ಕು ದಿನ ನಡೆಯದು.

ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾದದ್ದು 1974ರ ಮಾರ್ಚ್ 1ರಂದು. ಅಲ್ಲಿಗೆ ಎಷ್ಟು ಮಳೆಗಾಲ ಕಳೆದವೆಂದು ಎಣಿಸಿಕೊಳ್ಳಿ. ಅಜ್ಜ ನಮೂನೆ 7 ತುಂಬಿಸಿ ಭೂನ್ಯಾಯಮಂಡಳಿಯ ಮುಂದೆ ಕೈಕಟ್ಟದೆ ನಿಂತರು. ಸಾಕ್ಷಿ ಹೇಳಲು ನೆರೆಯವರು ಹಿಂದೆ ಮುಂದೆ ನೋಡಿದಾಗ ಒಬ್ಬೊಬ್ಬರ ಮನೆಗೂ ನಡೆದರು. ಗದ್ದೆ ಅವರದಾಯಿತು. ಮುಂದೆ ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಹೆಂಚಿನ ಮನೆ, ಎಲ್ಲವೂ ಆ ಗದ್ದೆಯಿಂದಲೇ. ಅದೇ ಬೆನ್ನು, ಅದೇ ಕೆಸರು; ಕೊಳಗ ಹಿಡಿದವನು ಕಣದಿಂದ ಹೋದ ಮೇಲೆ ತಾನೆ ಸಂಸಾರ ದಡ ಸೇರಿದ್ದು?

ಅವರಲ್ಲಿ ತಪ್ಪಿರಲಿಲ್ಲವೆಂದಲ್ಲ. ಹಕ್ಕುಪತ್ರ ಅವರೊಬ್ಬರ ಹೆಸರಿಗೇ ಆಯಿತು. ಅಷ್ಟು ವರ್ಷ ಸಸಿ ನೆಟ್ಟ ಹೆಂಡತಿಯ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಕೇಳಿದರೆ ನಗುತ್ತಿದ್ದರು. ಆ ನಗು ನನಗೆ ಎಂದೂ ಒಪ್ಪಿಗೆಯಾಗಲಿಲ್ಲ.

ಕೃಷಿಕರಲ್ಲದವರೂ ಹಣವಿದ್ದರೆ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಕಾನೂನು ತಿದ್ದಿದರು. ತಿಥಿಯ ಎಲೆ ಎತ್ತುವ ಮೊದಲೇ ಕಾರಿನಲ್ಲಿ ಬಂದಿದ್ದ ಒಬ್ಬರು ಎಕರೆಗೆ ಎಷ್ಟೆಂದು ವಿಚಾರಿಸಿದರು. ಹಿರಿಯ ಮಗ ಬೆಲೆ ಹೇಳಲಿಲ್ಲ. ಪಹಣಿಗೆ ಮೊದಲು ಅವ್ವನ ಹೆಸರು ಸೇರಿಸಬೇಕಾಗಿದೆ, ಆಮೇಲೆ ಅವಳನ್ನೇ ಕೇಳಿ ಎಂದ.