ಭಾಗಾಕಾರದಲ್ಲಿ ಶೇಷದ ಸ್ಥಾನ

ಏಳನ್ನು ಎರಡರಿಂದ ಭಾಗಿಸಿದರೆ ಬರುವುದೆಷ್ಟು? ಕಿರಿಯ ತರಗತಿಯ ಬಾಲಕನು ‘ಭಾಗಲಬ್ಧ ಮೂರು, ಶೇಷ ಒಂದು’ ಎನ್ನುವನು. ದಶಮಾಂಶ ಕಲಿತವನು ‘ಮೂರೂವರೆ’ ಎನ್ನುವನು. ಎರಡೂ ಸರಿಯೇ. ಆದರೆ ಗಣಕಯಂತ್ರವು ಮಾತ್ರ, ತನಗೆ ಆಜ್ಞೆ ಬರೆದ ಭಾಷೆಯ ನಿಯಮದಂತೆ ಒಂದನ್ನು ಆರಿಸಿಕೊಂಡು, ಕೇಳದೆ ಹೇಳದೆ ಮುಂದೆ ಸಾಗುತ್ತದೆ.

ಫೋರ್ಟ್ರಾನ್, ಸಿ, ಜಾವಾ ಭಾಷೆಗಳಲ್ಲಿ ಎರಡು ಪೂರ್ಣಾಂಕಗಳ ನಡುವೆ ಓರೆಗೆರೆಯನ್ನಿಟ್ಟರೆ ಉತ್ತರ 3. ಜಾವಾಸ್ಕ್ರಿಪ್ಟಿನಲ್ಲಿ ಅದೇ ಗೆರೆಗೆ ಉತ್ತರ 3.5. ಎರಡು ಪರೀಕ್ಷೆಗಳಲ್ಲಿ 34 ಮತ್ತು 35 ಅಂಕ ಪಡೆದ ವಿದ್ಯಾರ್ಥಿಯ ಸರಾಸರಿ 34.5. ಅರ್ಧವನ್ನು ಮೇಲಕ್ಕೇರಿಸುವ ನಿಯಮವಿದ್ದರೆ ಅವನು 35 ಪಡೆದು ಉತ್ತೀರ್ಣನು; ಯಂತ್ರವು ಅರ್ಧವನ್ನು ಮೊದಲೇ ಕತ್ತರಿಸಿದರೆ 34ಕ್ಕೇ ನಿಂತು ಅನುತ್ತೀರ್ಣನು. ಯಂತ್ರವು ತಪ್ಪಿತೆಂದು ಎಲ್ಲಿಯೂ ಸೂಚನೆ ಬಾರದು.

ಋಣಸಂಖ್ಯೆಗಳಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. -7ನ್ನು 2ರಿಂದ ಭಾಗಿಸಿದಾಗ ಸಿ ಭಾಷೆಯು ಸೊನ್ನೆಯ ಕಡೆಗೆ ಸರಿದು ಭಾಗಲಬ್ಧ -3, ಶೇಷ -1 ಎನ್ನುತ್ತದೆ. ಪೈಥಾನ್ ಕೆಳಗಿನ ಪೂರ್ಣಾಂಕಕ್ಕಿಳಿದು -4, ಶೇಷ 1 ಎನ್ನುತ್ತದೆ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿದರೆ ಎರಡೆಡೆಯೂ ಭಾಜ್ಯವೇ ಬರುವುದು. ಆದರೂ ಫಲ ಒಂದೇ ಅಲ್ಲ. ಭಾನುವಾರವನ್ನು 0 ಎಂದಿಟ್ಟು, ಸೋಮವಾರಕ್ಕೆ ಮೂರು ದಿನ ಹಿಂದಿನ ವಾರವನ್ನು ಹುಡುಕಿದರೆ -2 ಬರುತ್ತದೆ. ಅದನ್ನು 7ರಿಂದ ಭಾಗಿಸಿದಾಗ ಪೈಥಾನಿನ ಶೇಷ 5, ಅಂದರೆ ಶುಕ್ರವಾರ. ಸಿ ಭಾಷೆಯ ಶೇಷ -2. ಆ ಹೆಸರಿನ ವಾರವೇ ಇಲ್ಲ! 1989ರ ಪ್ರಮಾಣಕವು ಈ ಆಯ್ಕೆಯನ್ನು ಆಯಾ ಯಂತ್ರದವರಿಗೇ ಬಿಟ್ಟಿತ್ತು. 1999ರಲ್ಲಿ ಮಾತ್ರ ಅದು ಖಚಿತವಾಯಿತು.

ಎರಡು ಕ್ರಿಯೆಗಳಿಗೆ ಎರಡು ಚಿಹ್ನೆಗಳಿರುವುದೇ ನ್ಯಾಯ. ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್ ಭಾಷೆಯಲ್ಲಿ ಪೂರ್ಣಾಂಕ ಭಾಗಾಕಾರಕ್ಕೆ ‘ಡಿವ್’ ಎಂಬ ಪ್ರತ್ಯೇಕ ಪದವಿತ್ತು. ಪೈಥಾನ್ 2001ರಲ್ಲಿ ಜೋಡಿ ಓರೆಗೆರೆಯನ್ನು ತಂದು, 2008ರ ಮೂರನೆಯ ಆವೃತ್ತಿಯಲ್ಲಿ ಒಂಟಿ ಗೆರೆಗೆ ಭಿನ್ನಾಂಶ ಸಹಿತವಾದ ಉತ್ತರವನ್ನು ನಿಗದಿಪಡಿಸಿತು. ಹಳೆಯ ಬರಹಗಳು ಕೆಡುವುವೆಂಬ ಆಕ್ಷೇಪ ಸುಳ್ಳಲ್ಲ; ಆದರೆ ಕಣ್ಣಿಗೆ ಕಾಣುವ ಕೇಡನ್ನು ತಿದ್ದಬಹುದು, ಕಾಣದ ಕೇಡನ್ನು ತಿದ್ದುವವರಾರು?

ಎಲ್ಲ ಭಾಷೆಗಳೂ ಬದಲಾಗುವವರೆಗೆ ಶಾಲೆಯೇ ಎಚ್ಚರ ಕಲಿಸಬೇಕು. ಗಣಕ ಕಲಿಯುವ ಮಗುವು ಭಾಗಿಸುವಾಗಲೆಲ್ಲ ‘ಶೇಷವೆಲ್ಲಿ ಹೋಯಿತು?’ ಎಂದು ಕೇಳಲಿ. ಲೆಕ್ಕದ ಪ್ರಾಮಾಣಿಕತೆಗೆ ಆ ಒಂದು ಪ್ರಶ್ನೆಯೇ ತಳಹದಿ.