ಮತ್ತೆ ಅದೇ ಜಾಗದಲ್ಲಿ ನ್ಯುಮೋನಿಯಾನಾ?

ಗುತ್ತಲಿನಿಂದ ಅಕ್ಕ ಫೋನ್ ಮಾಡಿದ್ಲು. "ಮಗೀಗೆ ಮತ್ತೆ ಕಫ ಕಟ್ಕೊಂಡದೆ ಕಣೋ, ವರ್ಸದಲ್ಲಿ ಮೂರನೇ ಸಲ." ನಾನು ಕೇಳಿದ್ದು ಒಂದೇ: "ಮೂರು ಸಲವೂ ಎಕ್ಸ್‌ರೇಲಿ ಮಚ್ಚೆ ಒಂದೇ ಕಡೆ ಇತ್ತಾ?"

ಮಕ್ಕಳ ಕೆಮ್ಮು ಬಹುಪಾಲು ಬರೀ ಕೆಮ್ಮೇ. ಆದರೆ ಔಷಧ ಮುಗಿದರೂ ಅದೇ ಜಾಗದ ನೆರಳು ಕರಗದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಸಿ.ಟಿ. ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನ ಕೇಳಲೇಬೇಕು. ಟಿಬಿ ಇರಬಹುದು, ಶ್ವಾಸನಾಳದಲ್ಲಿ ಸಿಕ್ಕ ಕಡಲೆಬೀಜವೂ ಇರಬಹುದು. ತೀರಾ ಅಪರೂಪಕ್ಕೆ ಗಡ್ಡೆ. ದೊಡ್ಡ ಮಕ್ಕಳಲ್ಲಾದರೆ ಕಾರ್ಸಿನಾಯ್ಡ್. ಅದಕ್ಕೆ ಮುಖ್ಯವಾಗಿ ಆಪರೇಷನ್. ಪುಟ್ಟ ಮಕ್ಕಳಲ್ಲಿ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ. ಇದು ಗಾಳಿಗುಳ್ಳೆಯಂತಿರುವಾಗಲೇ ತೆಗೆದರೆ ಗುಣವಾಗೋ ಸಾಧ್ಯತೆ ಹೆಚ್ಚು. ಗಟ್ಟಿಯಾದ ಮೇಲೆ ಕೀಮೋ ಕೂಡ ಬೇಕು. ಹಲವರಲ್ಲಿ ಡೈಸರ್1 ಜೀನ್‌ನ ದೋಷ ಇರೋದರಿಂದ ಒಡಹುಟ್ಟಿದವರ ಪರೀಕ್ಷೆಗೂ ಹೇಳ್ತಾರೆ.

ಬೆಂಗಳೂರಿನ ಕಿದ್ವಾಯಿಯಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ.

ಅಕ್ಕ ಬೀರು ಪೂರ್ತಿ ಹುಡುಕಿದ್ರೆ ಸಿಕ್ಕಿದ್ದು ಒಂದೇ ಎಕ್ಸ್‌ರೇ. ಹೋಲಿಸಿ ನೋಡೋಕೆ ಮೂರೂ ಬೇಕಿತ್ತು. ಸೋಮವಾರ ಸ್ಕ್ಯಾನ್ ಇದೆ. ನಿಮ್ಮನೆ ಮಕ್ಕಳ ಫಿಲ್ಮ್ ಎಸೀಬೇಡಿ; ಫೋನಲ್ಲಿ ಒಂದು ಫೋಟೋನಾದ್ರೂ ಇಟ್ಕೊಳ್ಳಿ.